ಒಂದು ಚುಕ್ಕೆ ಮೂರು ಐದು

14 ಮಾರ್ಚ್, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಓದುಗಿತ್ತಿಗೆ,

ಹೇಗಿದ್ದೀಯೆ? ಮಂಡಿ ನೋವು ಇಳಿಯಿತೆ? ಮೊಮ್ಮಗಳಿಗೆ ಹಲ್ಲು ಬಂತೆ? ನೀನು ಎರಡು ಕಾಗದ ಬರೆದೆ, ನಾನು ಒಂದಕ್ಕೂ ಉತ್ತರ ಹಾಕಲಿಲ್ಲ. ಬೈಯುವುದಿದ್ದರೆ ಈಗಲೇ ಬೈದುಬಿಡು, ಪೂರ್ತಿ ಓದಿದ ಮೇಲೆ ಬೈಯಲು ಮನಸ್ಸು ಬರುತ್ತದೋ ಇಲ್ಲವೋ. ಅಕ್ಷರ ಇಷ್ಟು ದಪ್ಪ, ಸಾಲೆಲ್ಲ ಬೆಟ್ಟ ಹತ್ತಿವೆ ಎಂದು ನಗಬೇಡ. ರಟ್ಟಿನ ಡಬ್ಬದ ಮೇಲೆ ವಿಳಾಸ ಬರೆಯುವ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಯಾಕೆಂದು ಹೇಳುತ್ತೇನೆ.

ಫೋನ್ ಮಾಡಬಹುದಿತ್ತು. ಆದರೆ ನಮ್ಮದು ಎರಡೇ ಕೋಣೆಯ ಮನೆ, ಇಲ್ಲಿ ಪಿಸುಗುಟ್ಟಿದರೆ ಅಲ್ಲಿ ಕೇಳಿಸುತ್ತದೆ. ನಮ್ಮವರಿಗೆ ನಾನಿನ್ನೂ ಏನೂ ಹೇಳಿಲ್ಲ. ಪಕ್ಕದ ಮನೆಯ ನರ್ಸ್ ನಾಳೆ ಬೆಳಗಿನ ಪಾಳಿಗೆ ನಿಮ್ಮೂರಿಗೆ ಹೊರಡುತ್ತಾಳೆ, ಅವಳ ಕೈಯಲ್ಲಿ ಇದನ್ನು ಕಳಿಸುತ್ತೇನೆ. ನನಗೆ ಹೆದರಿಕೆಯಾಗಿದೆ ಕಣೇ. ಇಷ್ಟು ವರ್ಷ ಅಚ್ಚುಮನೆಯಲ್ಲಿ ಕರಡು ತಿದ್ದಿದ್ದೇನೆ, ಒಂದು ಹಾಳೆಯನ್ನು ಕಂಡು ಹೀಗೆ ಎಂದೂ ಹೆದರಿರಲಿಲ್ಲ.

ಮೊದಲಿನಿಂದ ಹೇಳುತ್ತೇನೆ. ಚಳಿಗಾಲದಲ್ಲಿ ಮಾಲೀಕರು ಒಂದು ಪುಸ್ತಕದ ಕರಡು ಕಳಿಸಿದರು. ಮಕ್ಕಳಿಗೆ ಯಾವ ಔಷಧಿ, ಎಷ್ಟು ತೂಕದ ಮಗುವಿಗೆ ಎಷ್ಟು ಎಂದು ನರ್ಸ್‌ಗಳಿಗಾಗಿ ಮಾಡಿದ ಕೈಪಿಡಿ. ತೊಂಬತ್ತೆರಡು ಪುಟ, ಪುಟ ತುಂಬ ಕೋಷ್ಟಕ, ಕೋಷ್ಟಕದ ತುಂಬ ಅಂಕಿ. ಈಗೆಲ್ಲ ಮನೆಯಲ್ಲೇ, ಲ್ಯಾಪ್‌ಟಾಪಿನಲ್ಲೇ ಕೆಲಸ. ಮಗಳು ಓದುವಾಗ ಕೊಂಡ ಹಳೆಯ ಲ್ಯಾಪ್‌ಟಾಪ್ ಅದು. ಒಂದು ಪುಟ ತೆರೆಯುವಷ್ಟರಲ್ಲಿ ನಾನು ಒಂದು ಲೋಟ ಚಹಾ ಕುಡಿದು ಲೋಟ ತೊಳೆದಿಟ್ಟು ಬರಬಹುದು. ಅದೂ ಸಾಲದೆಂದು ಕೋಷ್ಟಕದ ಗೆರೆಗಳು ನಡುವೆ ಬಾಗತೊಡಗಿದವು. ಅಂಕಿಗಳು ಇದ್ದಲ್ಲೇ ಮಸುಕಾದವು. ಲ್ಯಾಪ್‌ಟಾಪಿಗೆ ವಯಸ್ಸಾಯಿತು, ತೆರೆ ಕೈಕೊಡುತ್ತಿದೆ ಎಂದುಕೊಂಡೆ. ನಮ್ಮವರು ಪೇಪರಿನಿಂದ ತಲೆ ಎತ್ತದೆ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದರು. ಅವರಿಗೆ ಎಲ್ಲದಕ್ಕೂ ಒಂದು ಗಾದೆ ಇದ್ದೇ ಇರುತ್ತದೆ. ನಾನೂ ನಕ್ಕೆ.

ನಮ್ಮ ಬೀದಿಯ ಕೊನೆಯಲ್ಲಿ, ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ ಒಬ್ಬ ರಿಪೇರಿಯವನಿದ್ದಾನೆ. ಯಾವಾಗಲೂ ಕೈಯಲ್ಲಿ ಚಿಮಟ ಹಿಡಿದಿರುತ್ತಾನೆಂದು ಎಲ್ಲರೂ ಅವನನ್ನು ಚಿಮಟ ಎಂದೇ ಕರೆಯುವುದು. ಅವನನ್ನು ಕೇಳಿದೆ. "ನಿಧಾನ ಆಗಿದ್ರೆ ಮೆಮೊರಿ ಹೆಚ್ಚಿಸ್ಬಹುದಮ್ಮಾ. ಆದ್ರೆ ಹಳೇ ಮಷೀನು, ಸಿಕ್ಕಿದ್ದನ್ನೆಲ್ಲ ಹಾಕೋಕಾಗಲ್ಲ. ಒಳಗಿರೋದನ್ನ ತೆಗೆದು ಅದ್ರ ಮೇಲೆ ಏನು ಬರ್ದಿದೆ ನೋಡ್ಬೇಕು. ಅದೇ ಜಾತಿ, ಅದೇ ವೋಲ್ಟೇಜು ಇರ್ಬೇಕು. ತಗೊಂಬನ್ನಿ, ನಾನು ನೋಡ್ತೀನಿ" ಎಂದ.

ನೋಡುವುದಕ್ಕೆ ಅವನೇಕೆ? ನಾನಿಲ್ಲವೆ? ಅಚ್ಚುಮನೆಯವರೆಲ್ಲ ಹದ್ದು ಎಂದು ಕರೆದ ಹೆಂಗಸು ನಾನು. ಮನೆಗೆ ಬಂದು ತಳದ ಸಣ್ಣ ಮುಚ್ಚಳದ ಎರಡು ತಿರುಪು ಬಿಚ್ಚಿದೆ. ಒಳಗೆ ಬೆರಳುದ್ದದ ಹಸಿರು ಪಟ್ಟಿ, ಅದರ ಮೇಲೆ ಇರುವೆ ಸಾಲಿನಂಥ ಬರಹ. ದೀಪದ ಕೆಳಗೆ ಹಿಡಿದು ಒಂದೊಂದನ್ನೂ ಚೀಟಿಯಲ್ಲಿ ಬರೆದುಕೊಂಡೆ, ಎರಡು ಸಲ ತಾಳೆ ನೋಡಿದೆ. ಅದನ್ನೇ ಪೇಟೆಯ ಅಂಗಡಿಯಲ್ಲಿ ತೋರಿಸಿ ಹೊಸದು ತಂದೆ. ಖಾಲಿ ಇದ್ದ ಇನ್ನೊಂದು ಜಾಗದಲ್ಲಿ ಅದು ಟಕ್ಕೆಂದು ಕೂತಿತು. ಎಷ್ಟು ಹೆಮ್ಮೆಪಟ್ಟೆ ಗೊತ್ತೇ!

ಗುಂಡಿ ಒತ್ತಿದರೆ ತೆರೆ ಕಪ್ಪು. ಒಳಗೆ ಫ್ಯಾನ್ ತಿರುಗುವ ಸದ್ದು, ಆಮೇಲೆ ಬೀಪ್, ಬೀಪ್, ಬೀಪ್. ನಾಲ್ಕು ತಿಂಗಳ ಕೆಲಸ ಅದರಲ್ಲೇ ಇತ್ತು. ಸೆರಗಿನಲ್ಲಿ ಅದನ್ನು ಸುತ್ತಿಕೊಂಡು ಚಿಮಟನ ಹತ್ತಿರ ಓಡಿದೆ.

ಅವನು ಹೊಸ ಪಟ್ಟಿಯನ್ನು ತೆಗೆದು ನೋಡಿದವನೇ, "ಗಾಬರಿ ಆಗ್ಬೇಡಿ, ನಿಮ್ಮ ಕೆಲಸ ಎಲ್ಲೂ ಹೋಗಿಲ್ಲ. ಆದ್ರೆ ಇದು ಒಂದೂವರೆ ವೋಲ್ಟಿಂದು. ನಿಮ್ಮ ಮಷೀನಿಗೆ ಒಂದು ಪಾಯಿಂಟ್ ಮೂರು ಐದರದ್ದೇ ಆಗ್ಬೇಕು. ಆಕಾರ ಒಂದೇ ಅಂತ ಕೂತ್ಕೊಳ್ಳತ್ತೆ, ಮಷೀನು ಒಪ್ಪಲ್ಲ" ಎಂದ.

"ಹಳೇದ್ರ ಮೇಲೆ ಒಂದೂವರೆ ಅಂತಾನೇ ಇದೆಯಪ್ಪಾ, ನಾನೇ ನೋಡಿ ಬರ್ಕೊಂಡೆ" ಎಂದು ಚೀಟಿ ತೋರಿಸಿದೆ. ನನ್ನದೇ ಕೈಬರಹ, 1.5.

ಅವನು ಹಳೆಯ ಪಟ್ಟಿಯನ್ನು ಚಿಮಟದಲ್ಲಿ ಹಿಡಿದು ನನ್ನ ಮುಂದೆ ತಂದ. ನೆಟ್ಟಗೆ ನೋಡಿದೆ. 1.5. ಕತ್ತು ಒಂದಿಷ್ಟು ಓರೆ ಮಾಡಿದೆ. ಆಗ ನಡುವೆ ಒಂದು 3 ಮೆಲ್ಲಗೆ ಎದ್ದು ಬಂತು. ಮತ್ತೆ ನೆಟ್ಟಗೆ ನೋಡಿದರೆ ಮಾಯ.

ಅವನ ಹತ್ತಿರ ಸರಿಯಾದದ್ದು ಇತ್ತು, ಹಾಕಿದ. ಲ್ಯಾಪ್‌ಟಾಪ್ ಜಿಂಕೆಯಾಯಿತು, ಪುಟಗಳು ಪಟಪಟನೆ ತೆರೆದವು. "ಈಗ ಹೇಗಿದೆಯಮ್ಮಾ?" ಎಂದ. "ಬೇಗ ಬರ್ತಿದೆ. ಆದ್ರೆ ಗೆರೆ ಇನ್ನೂ ಡೊಂಕಾಗೇ ಇದೆ" ಎಂದೆ. ಅವನು ತೆರೆಯನ್ನು ನೋಡಿದ, ನನ್ನನ್ನು ನೋಡಿದ. ಮೇಜಿನ ಮೇಲಿದ್ದ ಉಕ್ಕಿನ ಸ್ಕೇಲನ್ನು ಎತ್ತಿ ಕೋಷ್ಟಕದ ಗೆರೆಗೆ ಒತ್ತಿ ಹಿಡಿದ. "ನೆಟ್ಟಗಿದೆಯಲ್ಲಮ್ಮಾ?"

ಸ್ಕೇಲೂ ಬಾಗಿತ್ತು ಕಣೇ.

"ಹೌದು ಹೌದು, ಈಗ ಸರಿಹೋಯ್ತು" ಎಂದು ಸುಳ್ಳು ಹೇಳಿ ಎದ್ದು ಬಂದೆ. ಹಿಂದಿನಿಂದ ಅವನು, "ಅಮ್ಮಾ, ಒಂದ್ಸಲ ಕಣ್ಣಿನ ಡಾಕ್ಟರಿಗೆ ತೋರ್ಸಿ" ಎಂದದ್ದು ಕೇಳಿಸಿತು. ಕೇಳಿಸಲಿಲ್ಲವೆಂಬಂತೆ ನಡೆದೆ. ನನ್ನ ಎಡಗಣ್ಣು ಹುಟ್ಟಿನಿಂದಲೇ ಹೆಸರಿಗೆ ಮಾತ್ರ ಎಂಬುದು ನಿನಗೆ ಗೊತ್ತು. ನಾನು ಬದುಕಿದ್ದು ಬಲಗಣ್ಣೊಂದರಿಂದ. ಈಗ ಅದರ ನಡುವೆಯೇ ಬೂದಿ ಬಣ್ಣದ ಒಂದು ಮಚ್ಚೆ.

ಇದು ನನ್ನೊಬ್ಬಳ ಸಂಕಟವಾಗಿದ್ದರೆ ಹೊದ್ದು ಮಲಗುತ್ತಿದ್ದೆ. ಆದರೆ ಮನೆಗೆ ಬರುವ ದಾರಿಯಲ್ಲೇ ಕೈಪಿಡಿ ನೆನಪಾಯಿತು. ಒಂದು ಪಟ್ಟಿಯ ಮೇಲಿನ ಮೂರನ್ನು ನುಂಗಿದ ಕಣ್ಣು ಆ ಕೈಪಿಡಿಯಲ್ಲಿ ಏನೇನು ನುಂಗಿದೆ? ಅರವತ್ತು ಪುಟಗಳ ಅಂಚಿನಲ್ಲಿ 'ಸರಿ' ಎಂದು ಗುರುತು ಹಾಕಿ ಮುಗಿಸಿದ್ದೆ. ಅಕ್ಷರಗಳನ್ನು ಅಂಗೈಯಷ್ಟು ದೊಡ್ಡದು ಮಾಡಿಕೊಂಡು, ಕೋಳಿಯ ಹಾಗೆ ಕತ್ತು ಓರೆ ಮಾಡಿಕೊಂಡು ಒಂದೇ ಒಂದು ಪುಟ ನೋಡಿದೆ, ಹದಿನೇಳನೆಯದು. ಜ್ವರದ ಔಷಧಿ, ಎಳೆಗೂಸಿಗೆ. ಮೂಲದಲ್ಲಿ 1.25. ಕರಡಿನಲ್ಲಿ 12.5. ಪಕ್ಕದಲ್ಲಿ ನನ್ನ 'ಸರಿ'.

ಹತ್ತು ಪಟ್ಟು! ಕಣ್ಣು ಮುಚ್ಚಿದರೆ ಯಾರದೋ ಮಗು. ನಿನ್ನ ಮೊಮ್ಮಗಳ ವಯಸ್ಸಿನದು.

ಪುಸ್ತಕ ಸೋಮವಾರ ಅಚ್ಚಿಗೆ ಹೋಗುತ್ತದೆ. ಮಾಲೀಕರಿಗೆ ಫೋನ್ ಮಾಡಿ, ಲ್ಯಾಪ್‌ಟಾಪ್ ಕೆಟ್ಟಿತ್ತು, ಮತ್ತೊಮ್ಮೆ ಪೂರ್ತಿ ನೋಡಬೇಕು ಎಂದಷ್ಟೇ ಹೇಳಿದೆ. "ಹದ್ದು ನೋಡಿದ್ಮೇಲೆ ಇನ್ನೇನು ನೋಡೋದಿದೆ?" ಎಂದು ನಕ್ಕರು. ಆ ನಗು ಕೇಳಿ ಇನ್ನಷ್ಟು ಹೆದರಿದೆ.

ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ನೆನಪಿದೆಯೇ, ನೀನು ಮೂಲವನ್ನು ಗಟ್ಟಿಯಾಗಿ ಓದುತ್ತಿದ್ದೆ, ನಾನು ಕರಡಿನ ಮೇಲೆ ಬೆರಳಿಟ್ಟು ಹಿಂಬಾಲಿಸುತ್ತಿದ್ದೆ. ಚುಕ್ಕೆ ಬಂದರೆ ಚುಕ್ಕೆ, ಕಾಮಾ ಬಂದರೆ ಕಾಮಾ. ಅಭ್ಯಾಸಬಲದಿಂದ ಮನೆಯಲ್ಲೂ "ಊಟಕ್ಕೆ ಬನ್ನಿ ಕಾಮಾ ಆರಿಹೋಗುತ್ತಿದೆ ಚುಕ್ಕೆ" ಎಂದು ನಿನ್ನ ಗಂಡನನ್ನು ಕರೆದಿದ್ದೆಯಲ್ಲ! ಈ ಸಲ ಎರಡನ್ನೂ ನೀನೇ ಓದು. ಮೊದಲು ಮೂಲದ ಸಾಲು, ಆಮೇಲೆ ಕರಡಿನ ಸಾಲು. ನಾನು ಕೇಳಿಸಿಕೊಂಡು ತಾಳೆ ನೋಡುತ್ತೇನೆ. ಕಿವಿ ಇನ್ನೂ ಚುರುಕಾಗಿಯೇ ಇದೆ. ಇಬ್ಬರೂ ಕೂತರೆ ಮೂರು ದಿನದಲ್ಲಿ ಮುಗಿಯುತ್ತದೆ. ಗುರುವಾರ ಬೆಳಗಿನ ಬಸ್ಸಿಗೆ ನೀನು ಬರದಿದ್ದರೆ ನಾನೇ ಮಾಲೀಕರ ಮುಂದೆ ನಿಂತು ನಿಜ ಹೇಳಿ ಪುಸ್ತಕ ನಿಲ್ಲಿಸುತ್ತೇನೆ. ಹೇಳುವ ಧೈರ್ಯ ಇದೆಯೋ ಇಲ್ಲವೋ, ಹೇಳಲೇಬೇಕು. ಡಾಕ್ಟರ ಹತ್ತಿರವೂ ಹೋಗಬೇಕು. ಅಲ್ಲಿಗೂ ನೀನು ಜೊತೆಗಿದ್ದರೆ ಒಳ್ಳೆಯದು.

ಮಗುವಿಗೆ ನನ್ನ ಮುತ್ತು. ನಿನ್ನ ಮನೆಯಲ್ಲಿ ಎಲ್ಲರೂ ಹೊಟ್ಟೆ ತಣ್ಣಗೆ, ಕಣ್ಣು ತುಂಬ ಬೆಳಕಿಟ್ಟುಕೊಂಡು ಬಾಳಲಿ.

ನಿನ್ನ
ಹದ್ದು

ಮ.ವಿ.: ಇದನ್ನು ಮರೆತು ಕೊನೆಯಲ್ಲಿ ಬರೆಯುತ್ತಿಲ್ಲ, ಮೊದಲೇ ಬರೆಯುವ ಧೈರ್ಯ ಬರಲಿಲ್ಲ. ನಿನ್ನನ್ನು ಕೆಲಸದಿಂದ ಕಳಿಸುವ ಹಿಂದಿನ ದಿನ ಮಾಲೀಕರು ನನ್ನನ್ನು ಒಳಗೆ ಕರೆದಿದ್ದರು. "ಕಂಪ್ಯೂಟರ್ ಬಂತು, ಓದೋಕೊಬ್ರು ತಿದ್ದೋಕೊಬ್ರು ಯಾಕೆ? ನೀವೊಬ್ರೇ ನಿಭಾಯಿಸ್ತೀರಾ? ಆಗಲ್ಲ ಅಂದ್ರೆ ಇಬ್ರೂ ಇರಿ" ಎಂದರು. ಆಗಲ್ಲ ಎಂಬ ಒಂದು ಮಾತು ಸಾಕಿತ್ತು. ನಾನು "ನನ್ನ ಕಣ್ಣೊಂದಿದ್ರೆ ಸಾಕು ಸಾರ್" ಎಂದೆ. ಮಾರನೆಯ ದಿನ ನೀನು ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತಾಗ ನಿನ್ನ ಜೊತೆ ಸೇರಿ ಮಾಲೀಕರನ್ನು ಬೈದೆ. ಹನ್ನೊಂದು ವರ್ಷ ಬೈಯುತ್ತಲೇ ಇದ್ದೆ. ಇದನ್ನು ಓದಿದ ಮೇಲೆ ನೀನು ಬಸ್ಸು ಹತ್ತದಿದ್ದರೆ ತಪ್ಪು ನಿನ್ನದಲ್ಲ. ಬಂದರೆ, ಬಾಗಿಲಲ್ಲಿ ಸುಮ್ಮನೆ ನಿಲ್ಲಬೇಡ, ಬೈಗುಳವಾದರೂ ಸರಿ, ಏನಾದರೂ ಮಾತಾಡು. ನೆಟ್ಟಗೆ ನೋಡಿದರೆ ಈಗ ಯಾರ ಮುಖವೂ ನನಗೆ ಕಾಣುವುದಿಲ್ಲ.