ಸೇವ್ ಮಾಡದ ಸಾಲು

ಮಾರ್ಚ್ ೪, ಸಂಜೆ
ಇವತ್ತೂ ಅದೇ ಜಗಳ. ಪ್ರೋಗ್ರಾಂ ಬರೆಯಲು ಇನ್ನು ಎಲ್ಲರೂ ಆಫೀಸಿನ ಹೊಸ ಎಡಿಟರನ್ನೇ ಬಳಸಬೇಕಂತೆ. ಅರ್ಧ ಸಾಲು ಬರೆದರೆ ಉಳಿದರ್ಧ ತಾನೇ ತುಂಬುತ್ತದೆ. ಒಲ್ಲೆ ಎಂದೆ. ನನ್ನ ಹಳೆಯ ಕಪ್ಪು ಪರದೆಯ ಎಡಿಟರ್ ಯಾವ ಧಣಿಯ ಸ್ವತ್ತೂ ಅಲ್ಲ. ಕರಪತ್ರಗಳಲ್ಲಿ ಓದಿದ್ದೇನೆ, ಗುಲಾಮಗಿರಿ ಸಲಕರಣೆಯಿಂದಲೇ ಶುರು.
"ಬಂತಪ್ಪ ಭಾಷಣ," ಎಂದಳು ಅಕ್ಕ, ಪಕ್ಕದ ಮೇಜಿನಿಂದ. "ಇಲ್ಲಿ ಕೆಲಸ ಕೊಡಿಸಿದ್ದು ನಾನು ಕಣೋ. ನೀನು ಕುಣಿದ್ರೆ ಕಾಲು ಮುರಿಯೋದು ನಂದು."

ಮಾರ್ಚ್ ೭
ಹಳೆಯ ಎಡಿಟರ್ ಮಾಯ. ರಾತ್ರೋರಾತ್ರಿ ಅಳಿಸಿದ್ದಾರೆ.
ಊಟದ ಹೊತ್ತಿನಲ್ಲಿ ಹೊಸದರಲ್ಲೇ ನಮ್ಮ ಗುಂಪಿನ ಕರಪತ್ರ ಟೈಪ್ ಮಾಡಿದೆ. ಭಾನುವಾರವೂ ದುಡಿಸುವುದರ ವಿರುದ್ಧ: ನಾವು ಸೋಮವಾರ ಕೀಬೋರ್ಡ್ ಮುಟ್ಟುವುದಿಲ್ಲ. ಪ್ರಿಂಟ್ ತೆಗೆದೆ — ಹಂಚುವುದು ತಿಂಗಳ ಕೊನೆಗೆ — ಸೇವ್ ಮಾಡದೆ ಮುಚ್ಚಿದೆ. ಸೇವ್ ಮಾಡದ್ದು ಬರೆದದ್ದೇ ಅಲ್ಲ. ಅವರ ಸಲಕರಣೆ, ನಮ್ಮ ಮಾತು!

ಮಾರ್ಚ್ ೧೩
ಟೆಸ್ಟಿಂಗ್ ಮಾಡುವ ಮೀಸೆಯವನು — ನಮ್ಮ ಗುಂಪಿನವನಲ್ಲ — ಪ್ರೋಗ್ರಾಂ ನಡುವೆ ಟಿಪ್ಪಣಿ ಬರೆಯುತ್ತಿದ್ದ. "ನಾವು" ಎಂದು ಟೈಪ್ ಮಾಡಿದ. ಮುಂದೆ ಬೂದು ಅಕ್ಷರಗಳು ತಾವಾಗಿಯೇ ಮೂಡಿದವು: ಸೋಮವಾರ ಕೀಬೋರ್ಡ್ ಮುಟ್ಟುವುದಿಲ್ಲ.
"ನೋಡೋ, ಇದಕ್ಕೂ ಮೈಗಳ್ಳತನ ಬಂತು!" ನಕ್ಕು ಅಳಿಸಿದ.
ನಾನೂ ನಕ್ಕೆ. ಆಫೀಸಿನಲ್ಲಿ ಯಾರು ಏನು ಟೈಪ್ ಮಾಡಿದರೂ ಈ ಎಡಿಟರ್ ಕಲಿತುಕೊಂಡು ಉಳಿದವರಿಗೆಲ್ಲ ತೋರಿಸುತ್ತದಂತೆ. ಸೇವ್ ಮಾಡಲಿ, ಬಿಡಲಿ.

ಮಾರ್ಚ್ ೧೪
ಅಕ್ಕನಿಗೆ ಹೇಳಿಬಿಟ್ಟೆ. ಬೈಯಲಿಲ್ಲ. ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು. ಬೈದಿದ್ದರೆ ಇಷ್ಟು ಹೆದರುತ್ತಿರಲಿಲ್ಲ.
"ಮ್ಯಾನೇಜರ್ ಇನ್ನೂ ಆ ಎಡಿಟರನ್ನ ಹಾಕ್ಕೊಂಡಿಲ್ಲ ತಾನೇ?"
"ಇಲ್ಲ."
"ಹಾಗಾದ್ರೆ ತೆಪ್ಪಗಿರು."

ಮಾರ್ಚ್ ೧೫, ಮಧ್ಯಾಹ್ನ. ಸ್ಟೋರ್ ರೂಮು
ಮ್ಯಾನೇಜರ್ ಕರೆದರು. "ಬಾರಪ್ಪ ಕ್ರಾಂತಿಕಾರಿ, ನಂಗೂ ಆ ಹೊಸ ಎಡಿಟರ್ ಹಾಕ್ಕೊಡು. ನೀನೇ ದಾರಿಗೆ ಬಂದ ಮೇಲೆ ನಂದೇನು?"
ಹಾಕಿಕೊಟ್ಟೆ. ಯಾವ ನೆಪ ಹೇಳಲಿ? ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಟೀಸು ಟೈಪ್ ಮಾಡುತ್ತಿದ್ದಾರೆ. ಅವರ ನೋಟೀಸುಗಳೆಲ್ಲ ಶುರುವಾಗುವುದೇ "ನಾವು" ಎಂದು. ಚಿಲಕ ಹಾಕಿಕೊಂಡು ಕೂತಿದ್ದೇನೆ. ಟಕಟಕ ಇಲ್ಲಿಗೂ ಕೇಳುತ್ತಿದೆ...
ನಿಂತಿತು.
ಮಾತು. ಕುರ್ಚಿ ಸರಿದ ಸದ್ದು. ಈಗ ಬಾಗಿಲಾಚೆ ಅಕ್ಕ, ಪಿಸುದನಿ:
"ಒಳಗೇ ಇರು. ಸೋಮವಾರದ ಸಾಲು ಬಂತು. ಅದನ್ನ ಬರೆದಿದ್ದು ನಾನು ಅಂತ ಹೇಳಿದೀನಿ. ಉಸಿರೆತ್ತಬೇಡ."
ಹೆಜ್ಜೆ ದೂರವಾಗುತ್ತಿದೆ. ಅಕ್ಕಾ, ಬೇಡ. ಚಿಲಕ ಕೈಗೆ ಸಿಗುತ್ತಿಲ್ಲ — ಹೇಳುತ್ತೇನೆ, ನಾನೇ ಅಂ