ಗಡುವಿಗೆ ಮೊದಲು ಕೋಳಿ ಹೊರಡಬಾರದು

ಅಣ್ಣಾ,

ಕೋಳಿ ಒಯ್ಯಲು ಇವತ್ತು ಲಾರಿ ಬರುವುದಿಲ್ಲ. ಬೇಡವೆಂದವಳು ನಾನೇ.

ನಿನ್ನೆ ವ್ಯಾಪಾರಿಯ ಮುಂದೆ ಎದೆಯುಬ್ಬಿಸಿ ಏನಂದೆ? "ನಮ್ ತಂಗಿ ಇದನ್ನೇ ಓದಿರೋದು ಸಾರ್. ಪ್ರೋಬಯಾಟಿಕ್ ಪುಡಿ ಹಾಕಿದ್ರೆ ಆಂಟಿಬಯಾಟಿಕ್ ಎಲ್ಲಾ ತೊಳ್ಕೊಂಡು ಹೋಗುತ್ತಂತೆ, ಕಾಯೋದೇ ಬೇಡ!" ನಾನು ಹಾಗಂದಿದ್ದೆನಾ? ಆ ಪುಡಿಯಿಂದ, ಕೋಳಿಗೆ ಕೊಟ್ಟ ಔಷಧಿ ಅದರ ರಕ್ತಕ್ಕೆ ಕಡಿಮೆ ಸೇರಬಹುದು, ಹೆಚ್ಚೂ ಸೇರಬಹುದು. ಲಿವರ್‌ನಲ್ಲಿ ಎಷ್ಟು ಉಳಿದಿದೆಯೆಂದು ಪರೀಕ್ಷಿಸದೆ ಹೇಳಲಾಗದು ಅಂದಿದ್ದೆ. ನೀನು ಅರ್ಧ ಕೇಳಿ ಟಿವಿ ಸೌಂಡು ಏರಿಸಿದೆ. ತಿನ್ನುವವರ ಮನೆಯಲ್ಲೂ ಮಕ್ಕಳಿರುತ್ತಾರೆ, ಮಾರಾಯ!

ಔಷಧಿ ನಿಲ್ಲಿಸಿದ ಮೇಲೆ ಕಾಯಲು ಕೋಳಿ ಡಾಕ್ಟರು ಕೊಟ್ಟ ಗಡುವು ಮುಗಿಯುವವರೆಗೆ ಮಾರಾಟಕ್ಕೆ ಒಂದು ಕೋಳಿಯೂ ಶೆಡ್ಡು ದಾಟಕೂಡದು. ಕೋಳಿಗಳ ನೀರಿಗೆ ಔಷಧಿ ಬೆರೆಸಿದ್ದ ಡ್ರಮ್ಮನ್ನು ಉಜ್ಜಿ ತೊಳೆ, ಸುಮ್ಮನೆ ನೀರು ಚೆಲ್ಲಿ ಬರಬೇಡ. ಪರೀಕ್ಷೆಗೆಂದು ಒಂದು ಕೋಳಿಯನ್ನು ಲ್ಯಾಬಿಗೆ ಒಯ್ಯುತ್ತಿದ್ದೇನೆ. ಅಮ್ಮನ ಮಾತ್ರೆ ಫ್ರಿಜ್ಜಿನ ಮೇಲಿದೆ. ಕೂಗಾಡುವುದಿದ್ದರೆ ನಾನು ಬಂದ ಮೇಲೆ ಕೂಗಾಡು, ಅವಳ ಮುಂದೆ ಬೇಡ.

ನಿನ್ನೆ ಬಾಗಿಲ ಹಿಂದೆಯೇ ನಿಂತು ಎಲ್ಲ ಕೇಳಿಸಿಕೊಂಡೆ, ಹೊರಗೆ ಬರಲಿಲ್ಲ. ಫೋನ್ ಬಂದರೆ ನಿನ್ನ ಕೈಗೇ ಕೊಡುವ ನಾನು, ಬೆಳಿಗ್ಗೆ ನೀನು ಏಳುವ ಮೊದಲೇ ವ್ಯಾಪಾರಿಗೆ ಫೋನ್ ಮಾಡಿದೆ.

"ಯಾರಮ್ಮಾ ನೀನು?" ಅಂದರು.

"ಅದನ್ನೇ ಓದಿರೋ ತಂಗಿ," ಅಂದೆ.