ಸ್ಪೀಕರಿನ ಮೇಲೆ ಕೈ

ಭಾನುವಾರ, 9 ಮಾರ್ಚ್ 2025

ಚರ್ಚಿನ ಪೂಜೆಗೆ ನಾನು, ಮಗಳು ಕೀರ್ತಿ ಇಬ್ಬರೇ. ಇವರಿಗೆ ಮತ್ತೆ ತಲೆನೋವು. ತಪಸ್ಸು ಕಾಲದ ಮೊದಲ ಭಾನುವಾರವೇ ಬರಬೇಕೆ... ಕಾಯರ್‌ನಲ್ಲಿ ಇವರ ಬೇಸ್ ಗಿಟಾರ್ ಇಲ್ಲದೆ ಹಾಡೆಲ್ಲ ಬೋಳು ಬೋಳು. "ಮೆಲ್ವಿನ್ ಯಾಕೆ ಬರುವುದಿಲ್ಲ?" ಎಂದು ಎಲ್ಲರೂ ನನ್ನನ್ನೇ ಕೇಳುತ್ತಾರೆ. ಕಾಯರ್ ಬಿಟ್ಟದ್ದು ಯಾಕೆಂದು ನನಗೂ ಹೇಳಿಲ್ಲ.

ಮನೆಗೆ ಬಂದರೆ ತಲೆನೋವಿನವರು ಹಾಲ್‌ನಲ್ಲಿ ಆ ರೆಕಾರ್ಡು ಹಾಕಿಕೊಂಡು ಕುಳಿತಿದ್ದಾರೆ. ಕೆಳಗಿನ ಮೆಟ್ಟಿಲಿಗೂ ಕೇಳುವಷ್ಟು ಜೋರು! ಭಾನುವಾರ ಗೋಡೆಗೆ ಮೊಳೆ ಹೊಡೆದರೂ ದೂರು ಕೊಡುವ ಊರು ಈ ಹ್ಯಾಂಬರ್ಗ್. ಕೆಳಮನೆಯ ಅಜ್ಜಿ ಮುಖ ಸಿಂಡರಿಸಿದಳು.

ಆ ರೆಕಾರ್ಡು ಜನವರಿಯಲ್ಲಿ ಫ್ಲೋಮಾರ್ಕ್ಟ್‌ನಲ್ಲಿ, ಹಳೇ ಸಾಮಾನಿನ ಸಂತೆಯಲ್ಲಿ ಸಿಕ್ಕಿದ್ದು. 1985ರ ಅಮೆರಿಕದ ಕ್ರಿಶ್ಚಿಯನ್ ಆಲ್ಬಮ್. ಕವರ್ ಮೇಲೆ ದೊಡ್ಡ ಕಿವಿಯೋಲೆ, ಭುಜ ಉಬ್ಬಿದ ಕೋಟಿನ ಹೆಂಗಸು. ಸೋಲ್ ಮ್ಯೂಸಿಕ್ ಅಂತೆ. ನಡುನಡುವೆ ಜೀಸಸ್ ಅನ್ನದಿದ್ದರೆ ಯಾರೋ ಪ್ರಿಯಕರನಿಗೆ ಹಾಡಿದ ಹಾಗೇ. "ದುಬಾಯಿಂದ ಮಾಮ ಇದ್ರ ಕ್ಯಾಸೆಟ್ ತಂದಿದ್ರು. ಇದನ್ನು ಕೇಳಿಯೇ ನಾನು ಊರಲ್ಲಿ, ಬಿಜೈಯಲ್ಲಿ ಬೇಸ್ ಕಲ್ತದ್ದು" ಅಂದಿದ್ದರು. ಆ ದಿನ ಅವರ ಖುಷಿ ನೋಡಿ ನಗು ಬಂದಿತ್ತು. ಈಗ ಬರುವುದಿಲ್ಲ.

ಗುರುವಾರ, 13 ಮಾರ್ಚ್

ಸಂಜೆಯ ಜಪಸರ. ನಮೋ ಮರಿಯಾದ ಮೊದಲರ್ಧ ನಾನು, ಉಳಿದರ್ಧ ಇವರು — ಮದುವೆಯಾದಾಗಿನಿಂದ ಹೀಗೇ. ಈಗ ನಾನು ಮುಗಿಸಿದರೂ ಬಾಯಿ ತೆರೆಯುವುದಿಲ್ಲ. ಗೋಡೆ ನೋಡುತ್ತಾರೆ. ಕೀರ್ತಿ ತಿವಿದರೆ ಗಡಬಡಿಸಿ ಶುರು ಮಾಡುತ್ತಾರೆ. ಇಂದು ನಡುವೆಯೇ ಎದ್ದು ಹೋದರು. ಮರಿಯಾ ಮಾತೆಯ ಹೆಸರು ಹೇಳಲು ಅಷ್ಟು ಕಷ್ಟವೆ?

ಜೆಸಿಂತಾಗೆ ಫೋನ್ ಮಾಡಿದೆ. ಈ ಹ್ಯಾಂಬರ್ಗ್‌ನಲ್ಲಿ ಮನಸ್ಸು ಬಿಚ್ಚಿ ಮಾತಾಡಲು ಅವಳೊಬ್ಬಳೇ.

"ಎಂತದು ಮಾರಾಯ್ತಿ, ನಿಂಗೆ ಇನ್ನೂ ಗೊತ್ತಾಗ್ಲಿಲ್ವಾ? ಬಿಲೀವರ್ಸ್ ಅಂತ ಬೇರೆ ಪಂಥ ಉಂಟಲ್ಲ, ಅದಕ್ಕೆ ಸೇರಿದ್ದಾರೆ ಅವ್ರು. ನಮ್ಮ ಅತ್ತಿಗೆಯ ತಮ್ಮ ಹೀಗೇ. ಮೊದಲು ಇಂಗ್ಲಿಷ್ ಹಾಡು. ಆಮೇಲೆ ಪ್ರೇಯರ್ ಮೀಟಿಂಗ್. ಆಮೇಲೆ ಜಪಸರ ಬೇಡ, ಮಾತೆಯ ಇಮೇಜ್ ಬೇಡ. ನೀರಲ್ಲಿ ಮುಳುಗಿಸಿ ಪುನಃ ಜ್ಞಾನಸ್ನಾನ ಕೊಡ್ತಾರೆ, ಗೊತ್ತುಂಟಾ?"

ಮೇ ತಿಂಗಳಲ್ಲಿ ಚರ್ಚಿನಲ್ಲಿ ಕೀರ್ತಿಗೆ ದೃಢೀಕರಣ ಸಂಸ್ಕಾರ. ಅಪ್ಪನೇ ನಮ್ಮ ಧರ್ಮಸಭೆ ಬಿಟ್ಟು ಹೋದರೆ ಅವಳಿಗೆ ಏನು ಹೇಳಲಿ? ಊರಲ್ಲಿ ಅತ್ತೆಗೆ ಏನು ಹೇಳಲಿ? ಒಂದೇ ಮನೆಯೊಳಗೆ ಎರಡು ನಂಬಿಕೆ ಇಟ್ಟುಕೊಂಡು ಬದುಕಲು ನನ್ನಿಂದ ಆಗದು. ಹೆದರಿಕೆ ಆಗುತ್ತಿದೆ.

ಭಾನುವಾರ, 16 ಮಾರ್ಚ್

ಕಣ್ಣಾರೆ ಕಂಡೆ. ಹಾಲ್‌ನಲ್ಲಿ ಅದೇ ರೆಕಾರ್ಡು, ಇವರು ಕಣ್ಣು ಮುಚ್ಚಿದ್ದಾರೆ. ಅಂಗೈ ಸ್ಪೀಕರಿನ ಮೇಲೆ. ತುಟಿ ಅಲುಗುತ್ತಿದೆ. ಆ ಮೀಟಿಂಗ್‌ಗಳಲ್ಲಿ ಜನರ ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸುವ ವಿಡಿಯೋ ಜೆಸಿಂತಾ ಕಳಿಸಿದ್ದಳು. ಥೇಟ್ ಅದೇ!

ಹಿಂದಿನಿಂದ ಕರೆದೆ. ತಿರುಗಲಿಲ್ಲ. ಇನ್ನೂ ಜೋರಾಗಿ ಕರೆದೆ. ಬೇಕೆಂದೇ ಕೂತಿದ್ದಾರೆ.

ನೋಡು, ಆ ಬಿಲೀವರ್ಸ್ ಪ್ರಾರ್ಥನೆ ಅಂದರೆ ಕೀರ್ತಿ ಕಣ್ಣು ಹೊರಳಿಸಿದಳು — "ಮಮ್ಮಾ, ಕ್ವಾಚ್! ಹಾಗೇನಿಲ್ಲ. ಪಾಪಾ ಮ್ಯೂಸಿಕ್ ಕೇಳ್ತಿದ್ದಾರೆ ಅಷ್ಟೇ." ಅವಳಿಗೇನು ಗೊತ್ತು, ಮಗು.

ಬುಧವಾರ, 19 ಮಾರ್ಚ್

ಪ್ರತಿ ಬುಧವಾರ ಓವರ್‌ಟೈಮ್ ಎಂದು ಇವರು ತಡವಾಗಿ ಬರುತ್ತಿದ್ದರು. ಅದೇನೆಂದು ಇಂದು ಗೊತ್ತಾಯಿತು.

ಊ-ಬಾನ್ ರೈಲಿನಲ್ಲಿ ಇವರ ಹಿಂದಿನ ಡಬ್ಬಿ ಹತ್ತಿದೆ. ವಾಂಡ್ಸ್‌ಬೆಕ್‌ನಲ್ಲಿ ಇಳಿದರು. ಮಳೆ ಇದ್ದದ್ದು ಒಳ್ಳೆಯದಾಯಿತು, ಕೊಡೆ ಅಡ್ಡ ಹಿಡಿದೆ. ಹಳೇ ನಾಲ್ಕು ಮಾಳಿಗೆಯ ಕಟ್ಟಡ. ಕೆಳಗಿನ ಗಾಜಿನ ಮೇಲೆ ಇಷ್ಟು ದೊಡ್ಡ ಶಿಲುಬೆ, ಯಾವುದೋ ಹೊಸ ಸಭೆಯ ಹೆಸರು. ಒಳಗಿನಿಂದ ಗಿಟಾರು, ಚಪ್ಪಾಳೆ, ಹಲ್ಲೆಲೂಯಾ. ಇವರು ಬಾಗಿಲು ತಳ್ಳಿಕೊಂಡು ಸೀದಾ ಒಳಗೆ ಹೋದರು. ಹಿಂದೆ ಮುಂದೆ ನೋಡಲಿಲ್ಲ.

ಇನ್ನೇನು ನೋಡಲಿಕ್ಕಿದೆ? ಎದುರಿನ ಬೇಕರಿಯಲ್ಲಿ ಕುಳಿತು ಅತ್ತುಬಿಟ್ಟೆ. ಬೇಕರಿಯವಳು ಪಾಪ, ಕೇಳದೆಯೇ ಪೇಪರ್ ನ್ಯಾಪ್‌ಕಿನ್ ತಂದಿಟ್ಟಳು. ಇಂದು ಕುಟುಂಬಗಳ ಪಾಲಕ ಸಂತ ಜೋಸೆಫರ ಹಬ್ಬ ಬೇರೆ.

ಶುಕ್ರವಾರ, 21 ಮಾರ್ಚ್

ಇವರು ಮ್ಯೂನಿಕ್‌ನಲ್ಲಿ, ಟ್ರೈನಿಂಗ್. ಸೋಮವಾರ ವಾಪಸ್.

ಪಕ್ಕದ ಬೀದಿಯಲ್ಲಿ ಯಾರೋ ಪೆಟ್ಟಿಗೆ ಇಟ್ಟಿದ್ದರು. ಬೇಡದ ಕಪ್ಪು-ಬಸಿ, ಪುಸ್ತಕ ಇಡುತ್ತಾರೆ, ಬೇಕಾದವರು ಪುಕ್ಕಟೆ ಒಯ್ಯುತ್ತಾರೆ — ಇಲ್ಲಿಯ ಪದ್ಧತಿ. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಆ ರೆಕಾರ್ಡಿನ ಹೆಂಗಸನ್ನು ಅದರಲ್ಲಿ ಇಟ್ಟೆ. ಸಂಜೆ ಬರುವಾಗ ಕಪ್ಪುಗಳಿದ್ದವು. ಅವಳಿರಲಿಲ್ಲ.

ಹಗುರ ಅನಿಸಿತು. ಸುಳ್ಳು ಯಾಕೆ ಬರೆಯಲಿ, ಖುಷಿಯೇ ಆಯಿತು. ಕೇಳಿದರೆ ಹೇಳುತ್ತೇನೆ, ಈ ಮನೆಗೆ ಒಬ್ಬ ಮಾತೆ ಸಾಕು ಅಂತ.

ಮಂಗಳವಾರ, 25 ಮಾರ್ಚ್. ಮಧ್ಯಾಹ್ನ

ಇವರು ಇಂದು ರಜೆ ಹಾಕಿದ್ದರು. ನನಗೂ ರಜೆ. ಊಟಕ್ಕೆ ಪಕ್ಕದಲ್ಲಿ ಕುಳಿತಿದ್ದೆ.

"ರೀನಾ, ಎದುರು ಬಾ. ಮುಖ ಕಾಣ್ಬೇಕು ನಂಗೆ."

ಬಂತು, ಈಗ ಹೇಳುತ್ತಾರೆ ಎಂದುಕೊಂಡೆ. ಉತ್ತರ ತಯಾರಿತ್ತು ನನ್ನ ಬಳಿ.

"ಎಡಕಿವಿ ಪೂರ್ತಿ ಹೋಗಿದೆ. ಬಲದ್ದೂ ಹೋಗ್ತಾ ಉಂಟು. ಇನ್ನು ಎಷ್ಟು ಸಮಯ ಅಂತ ಡಾಕ್ಟ್ರು ಹೇಳುದಿಲ್ಲ."

"ಯಾವ ಡಾಕ್ಟ್ರು?"

"ಪ್ರತಿ ಬುಧವಾರ ಹೋಗ್ತಿದ್ದೆ. ವಾಂಡ್ಸ್‌ಬೆಕ್, ಮೂರನೇ ಮಾಳಿಗೆ. ಕೆಳಗೆ ಯಾವುದೋ ಚರ್ಚಿನವ್ರು ಸಿಕ್ಕಾಪಟ್ಟೆ ಗಲಾಟೆ ಮಾಡ್ತಾರಂತೆ. ನರ್ಸ್ ಬೈತಾ ಇರ್ತಾಳೆ. ನಂಗೆ ಒಂದು ದಿನವೂ ಕೇಳ್ಲಿಲ್ಲ."

ಕಾಯರ್‌ನಲ್ಲಿ ತಾಳ ತಪ್ಪಿ ನಾಚಿಕೆ ಆಯಿತಂತೆ. ಜಪಸರದಲ್ಲಿ ನನ್ನ ಅರ್ಧ ಎಲ್ಲಿ ಮುಗಿಯುತ್ತದೆಂದೇ ತಿಳಿಯುವುದಿಲ್ಲವಂತೆ. ನಾನು ಹೆದರುತ್ತೇನೆಂದು ಹೇಳಲಿಲ್ಲವಂತೆ.

"ಬೇರೆ ಹಾಡೆಲ್ಲ ಈಗ ಬರೀ ಗದ್ದಲ. ಅದೊಂದು ಮಾತ್ರ... ಕೈ ಇಟ್ರೆ ಬೇಸ್ ಕೈಗೆ ಸಿಗ್ತದೆ. ಉಳ್ದದ್ದು ಬಾಯಿಪಾಠ ಉಂಟಲ್ಲ, ತಲೆಯೊಳಗೆ ಅವಳೇ ಹಾಡ್ತಾಳೆ. ಬಲಕಿವಿ ಇರುವಾಗ್ಲೇ ನೀವಿಬ್ರೂ ನನ್ನೊಟ್ಟಿಗೆ ಒಮ್ಮೆ ಕೂತು ಕೇಳ್ಬೇಕು. ಇವತ್ತೇ ಕೇಳುವ. ಕೀರ್ತಿ ಬರ್ಲಿ."

ನಾನು ಅತ್ತದ್ದು ಕಿವಿಯ ವಿಷಯಕ್ಕೆಂದು ತಿಳಿದು ನನ್ನ ತಲೆ ಸವರಿದರು.

ಹಾಲು ತರುತ್ತೇನೆಂದು ಹೇಳಿ ಪಕ್ಕದ ಬೀದಿಗೆ ಓಡಿದೆ. ಪೆಟ್ಟಿಗೆಯ ನೆನೆದ ರಟ್ಟು ಮಾತ್ರ ಬಿದ್ದಿತ್ತು. ಅಕ್ಕಪಕ್ಕದ ಮನೆಗಳ ಬೆಲ್ ಒತ್ತಿ ಕೇಳಿದೆ. ಯಾರಿಗೂ ಗೊತ್ತಿಲ್ಲ. ಮೊಬೈಲ್‌ನಲ್ಲಿ ಹುಡುಕಿದೆ — ಹಾಡೂ ಇಲ್ಲ, ಮಾರುವವರೂ ಇಲ್ಲ. ಎಂಥ ಹೆಂಗಸು ನಾನು. ಗಂಡನ ಕಿವಿ ಹೋಗುತ್ತಿದ್ದರೆ ಅವನ ಹಿಂದೆ ಕೊಡೆ ಹಿಡಿದು ಹೋದವಳು.

ಸಂಜೆ

ಕೀರ್ತಿ ಬಂದಿದ್ದಾಳೆ. ಹಾಲ್‌ನಲ್ಲಿ ಕುರ್ಚಿ ಎಳೆಯುವ ಸದ್ದು. ನಾನು ಅಡುಗೆಮನೆಯಲ್ಲಿ, ಸುಮ್ಮನೆ ಈ ಡೈರಿ ಹಿಡಿದುಕೊಂಡು.

ಕಪಾಟು ಹುಡುಕುತ್ತಿದ್ದಾರೆ.

"ರೀನಾ... ರೆಕಾರ್ಡು ಎಲ್ಲಿಟ್ಟಿ?"

ಇಲ್ಲಿಂದಲೇ ಹೇಳಿಬಿಟ್ಟೆ. ಬೀದಿಯಲ್ಲಿಟ್ಟೆ, ಯಾರೋ ಒಯ್ದರು, ನಿಮ್ಮ ಮೇಲೆ ಸಂಶಯ ಬಂತು — ಎಲ್ಲ. ಗಟ್ಟಿಯಾಗಿಯೇ ಹೇಳಿದೆ.

ಹಾಲ್‌ನಲ್ಲಿ ಕೀರ್ತಿಯ ಮಾತು ನಿಂತಿತು. ಅವಳಿಗೆ ಕೇಳಿಸಿದೆ.

"ರೀನಾ? ರೆಕಾರ್ಡು ಎಲ್ಲಿ, ಮಾರಾಯ್ತಿ?" ನಗುತ್ತಾ ಕೇಳುತ್ತಿದ್ದಾರೆ.

ಎದುರು ನಿಂತು, ಮುಖ ತೋರಿಸಿ ಹೇಳಬೇಕು. ಹೆಜ್ಜೆ ಸದ್ದು. ಇವರೇ ಇತ್ತ ಬರುತ್ತಿ—